ಮೊದಲು ಕಂಸ ನೋಡಿ: ವೃತ್ತದ ಕೋನ, ಅಳತೆ ಅರ್ಥ ಮಾಡಿಕೊಳ್ಳುವ ದಾರಿ

ಅಕ್ಕನ ಮಗಳು ಈ ಸಲ ಹತ್ತನೇ ಕ್ಲಾಸು. ಒಂದು ಭಾನುವಾರ ಬೆಳಗ್ಗೆ ಗಣಿತದ ಪುಸ್ತಕ ಹಿಡಿದುಕೊಂಡು ಬಂದಳು. "ಮಾಮ, ಸೂತ್ರ ಎಲ್ಲಾ ಬಾಯಿಪಾಠ ಆಗಿದೆ. ಲೆಕ್ಕ ನೋಡಿದ್ರೆ ಮಾತ್ರ ಯಾವುದನ್ನ ಹಾಕ್ಬೇಕು ಅಂತ ಗೊತ್ತಾಗಲ್ಲ" ಅಂದಳು. ಅವಳ ನೋಟ್‌ಬುಕ್ ತೆಗೆದು ನೋಡಿದೆ. ಸೂತ್ರಗಳಿಗೆ ಕೆಂಪು ಶಾಯಿಯಲ್ಲಿ ಚೌಕಟ್ಟು ಹಾಕಿದ್ದಳು. ಆದರೆ ಎಷ್ಟು ಪುಟ ತಿರುವಿದರೂ ಕೈಯಾರೆ ಅಳೆದು ನೋಡಿದ ಒಂದು ವೃತ್ತವೂ ಕಾಣಲಿಲ್ಲ.

ಪುಸ್ತಕ ಮುಚ್ಚಿಸಿದೆ. ಅಡುಗೆಮನೆಯಿಂದ ಊಟದ ಸ್ಟೀಲ್ ತಟ್ಟೆ ತಂದೆ. ಆ ದಿನ ಮಧ್ಯಾಹ್ನದವರೆಗೆ ನಾವಿಬ್ಬರೂ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ವಿದ್ಯಾರ್ಥಿಯಾಗಿರಿ, ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮನಾಗಿರಿ, ಸುಮ್ನೆ ಓದಬೇಡಿ. ಪಕ್ಕದಲ್ಲಿ ಇಷ್ಟು ಇಟ್ಟುಕೊಳ್ಳಿ: ಒಂದು ತಟ್ಟೆ, ಹಳೇ ಕ್ಯಾಲೆಂಡರಿನ ದೊಡ್ಡ ಹಾಳೆ, ಒಂದು ಜೆರಾಕ್ಸ್ ಹಾಳೆ, ದಾರ, ಸ್ಕೇಲು, ಕೋನಮಾಪಕ, ಕೈವಾರ.

ಹೇಳಬೇಕಾದ ಮುಖ್ಯ ಮಾತು ಒಂದೇ. ವೃತ್ತದಲ್ಲಿ ಯಾವ ಕೋನ ಕೊಟ್ಟರೂ, ಅದರ ಎದುರಿಗೆ ಯಾವ ಕಂಸ, ಅಂದರೆ ವೃತ್ತದ ಗೆರೆಯ ಯಾವ ತುಣುಕು, ಇದೆ ಅಂತ ಮೊದಲು ನೋಡಿ. ಕೋನದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.

ಹಂತ 1: ತಟ್ಟೆಯ ಕೇಂದ್ರ ಹುಡುಕಿ

ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ತಟ್ಟೆ ಬೋರಲು ಹಾಕಿ, ಸುತ್ತ ಪೆನ್ಸಿಲ್ ಎಳೆಯಿರಿ. ವೃತ್ತ ಬಂತು. ಆದರೆ ಕೇಂದ್ರ ಎಲ್ಲಿದೆ? ಕೈವಾರದಲ್ಲಿ ಎಳೆದಿದ್ದರೆ ಮುಳ್ಳು ಚುಚ್ಚಿದ ಗುರುತು ಇರುತ್ತಿತ್ತು. ತಟ್ಟೆಗೆ ಅದಿಲ್ಲ.

ಜೆರಾಕ್ಸ್ ಹಾಳೆಯ ಒಂದು ಮೂಲೆಯನ್ನು ವೃತ್ತದ ಗೆರೆಯ ಮೇಲೆ ಸರಿಯಾಗಿ ಕೂರಿಸಿ. ಮೂಲೆಯ ತುದಿ ಗೆರೆಯ ಮೇಲೇ ಇರಬೇಕು, ಒಳಗೂ ಜಾರಬಾರದು, ಹೊರಗೂ ಹೋಗಬಾರದು. ಹಾಳೆಯ ಎರಡು ಅಂಚುಗಳು ವೃತ್ತವನ್ನು ಇನ್ನೆರಡು ಕಡೆ ದಾಟುತ್ತವೆ. ಆ ಎರಡು ಬಿಂದುಗಳನ್ನು ಗುರುತು ಮಾಡಿ, ಸ್ಕೇಲಿನಲ್ಲಿ ಸೇರಿಸಿ. ಅದು ವ್ಯಾಸ. ಹಾಳೆಯನ್ನು ಬೇರೆ ಜಾಗಕ್ಕೆ ಸರಿಸಿ ಇನ್ನೊಂದು ಸಲ ಹೀಗೇ ಮಾಡಿ. ಎರಡು ವ್ಯಾಸಗಳು ಕತ್ತರಿಸಿದ ಜಾಗವೇ ಕೇಂದ್ರ.

ನಮ್ಮದು 28 ಸೆಂಟಿಮೀಟರ್ ಅಗಲದ ತಟ್ಟೆ. ಕೇಂದ್ರದಿಂದ ಮೂರು ದಿಕ್ಕಿಗೆ ಅಳೆದೆವು. ಎರಡು ಕಡೆ 14, ಒಂದು ಕಡೆ 13.8. ಮೂಲೆ ಸ್ವಲ್ಪ ಒಳಗೆ ಜಾರಿತ್ತು. ಇನ್ನೊಂದು ಸಲ ಮಾಡಿದಾಗ ಸರಿಬಂತು. ಹಾಳೆಯ ಮೂಲೆಗೂ ವ್ಯಾಸಕ್ಕೂ ಏನು ಸಂಬಂಧ ಅನ್ನುವ ಪ್ರಶ್ನೆ ಹಾಗೇ ಇರಲಿ. ಐದನೇ ಹಂತದಲ್ಲಿ ಉತ್ತರ ಸಿಗುತ್ತದೆ.

ಹಂತ 2: ಹೆಸರುಗಳು

ಕೇಂದ್ರದಿಂದ ಗೆರೆಯವರೆಗಿನ ದೂರ ತ್ರಿಜ್ಯ. ಅದರ ಎರಡರಷ್ಟು ವ್ಯಾಸ. ಸುತ್ತಳತೆಯೇ ಪರಿಧಿ. ಪರಿಧಿಯ ಒಂದು ತುಣುಕು ಕಂಸ. ವೃತ್ತವನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟಿ ಹೋಗುವ ಗೆರೆ ಸ್ಪರ್ಶಕ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ.

ಗೊಂದಲ ಆಗುವುದು ಎರಡು ಖಂಡಗಳಲ್ಲಿ. ಕಲ್ಲಂಗಡಿ ಹಣ್ಣನ್ನು ದುಂಡಗೆ ಬಿಲ್ಲೆ ಮಾಡಿ, ನಡುವಿನಿಂದ ಹೊರಕ್ಕೆ ಹೋಳು ಮಾಡುತ್ತೇವಲ್ಲ, ಆ ಚೂಪು ತುದಿಯ ಹೋಳು ತ್ರಿಜ್ಯಾಂತರ ಖಂಡ. ಅದಕ್ಕೆ ಎರಡು ತ್ರಿಜ್ಯ, ಒಂದು ಕಂಸ. ಅದೇ ಬಿಲ್ಲೆಯ ಅಂಚನ್ನು ಚಾಕುವಿನಿಂದ ನೇರವಾಗಿ ಒಂದೇ ಏಟಿಗೆ ಕತ್ತರಿಸಿದರೆ ಸಿಗುವ ಚೂರು ವೃತ್ತಖಂಡ. ಅದಕ್ಕೆ ಒಂದು ಜ್ಯಾ, ಒಂದು ಕಂಸ. ಅದು ಕೇಂದ್ರವನ್ನು ಮುಟ್ಟಲೇಬೇಕೆಂದಿಲ್ಲ.

ಜ್ಯಾ ಎನ್ನುವ ಮಾತು ನನಗೆ ತುಂಬಾ ಇಷ್ಟ. ಜ್ಯಾ ಅಂದರೆ ಬಿಲ್ಲಿನ ಹೆದೆ. ಕಂಸವನ್ನು ಬಿಲ್ಲು ಅಂದುಕೊಳ್ಳಿ, ಎರಡು ತುದಿ ಸೇರಿಸುವ ನೇರ ಗೆರೆ ಹೆದೆ. ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ನೇರವಾಗಿ ಹೋಗುವ ಗೆರೆ ಬಾಣ. ಹಳೆಯ ಗಣಿತದಲ್ಲಿ ಅದಕ್ಕೆ ಶರ ಅಂತಲೇ ಹೆಸರು. ಈ ಜ್ಯಾ, ಜೀವಾ ಪದಗಳು ಅರಬ್ಬರ ಹತ್ತಿರ ಹೋಗಿ, ಅಲ್ಲಿಂದ ಲ್ಯಾಟಿನ್‌ಗೆ ಬೇರೆ ಅರ್ಥದಲ್ಲಿ ಅನುವಾದವಾಗಿ, ಕೊನೆಗೆ ಇವತ್ತು ತ್ರಿಕೋನಮಿತಿಯಲ್ಲಿ ಬರುವ 'ಸೈನ್' ಆಗಿ ನಮಗೆ ವಾಪಸ್ ಬಂದಿದೆ. ಬಿಲ್ಲು, ಹೆದೆ, ಬಾಣ ಮೂರನ್ನೂ ನೆನಪಿಡಿ. ಕೊನೆಯಲ್ಲಿ ಇವುಗಳಿಂದ ಒಂದು ಒಳ್ಳೆಯ ಕೆಲಸ ಮಾಡಿಸೋಣ.

ಹಂತ 3: ಡಿಗ್ರಿ ಅಂದರೆ ಸುತ್ತಿನ ಒಂದು ಪಾಲು

ಒಂದು ಪೂರ್ತಿ ಸುತ್ತನ್ನು 360 ಪಾಲು ಮಾಡಿದರೆ ಒಂದು ಪಾಲು 1 ಡಿಗ್ರಿ. 100 ಪಾಲು ಮಾಡಿದ್ದರೆ ಸುಲಭ ಅಲ್ವಾ ಅಂತ ಅವಳು ಕೇಳಿದಳು. ಬ್ಯಾಬಿಲೋನಿನವರು 60ರ ಲೆಕ್ಕದಲ್ಲಿ ಎಣಿಸುತ್ತಿದ್ದರು, ಈ 360 ಅವರ ಕಡೆಯಿಂದ ಬಂದ ಪದ್ಧತಿ. ಬಳಸುವವರಿಗೆ ಇದರಿಂದ ದೊಡ್ಡ ಅನುಕೂಲ ಇದೆ. 360 ಅನ್ನು 2, 3, 4, 5, 6, 8, 9, 10, 12 ಎಲ್ಲದರಿಂದಲೂ ಶೇಷ ಇಲ್ಲದೆ ಭಾಗಿಸಬಹುದು. 100 ಅನ್ನು ಮೂರು ಪಾಲು ಮಾಡಲು ಹೋದರೆ ಅಲ್ಲೇ ಸಿಕ್ಕಿಕೊಳ್ಳುತ್ತೇವೆ.

ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಪೂರ್ತಿ ಈ ವೃತ್ತದ ಲೆಕ್ಕವೇ. 360ನ್ನು 12 ರಾಶಿಗೆ ಹಂಚಿದರೆ ಒಂದಕ್ಕೆ 30 ಡಿಗ್ರಿ. 27 ನಕ್ಷತ್ರಕ್ಕೆ ಹಂಚಿದರೆ ಒಂದಕ್ಕೆ 13 ಡಿಗ್ರಿ 20 ಕಲೆ (60 ಕಲೆ ಸೇರಿದರೆ 1 ಡಿಗ್ರಿ). ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ ಮುಗಿಯಿತು. 30 ತಿಥಿಗೆ 360. ಹುಣ್ಣಿಮೆ ತಿಥಿ ಮುಗಿಯುವ ಹೊತ್ತಿಗೆ ಇಬ್ಬರ ನಡುವಿನ ಕೋನ 180, ಅಂದರೆ ಎದುರುಬದುರು. ಏಕಾದಶಿ ಕೆಲವೊಮ್ಮೆ ಮಧ್ಯಾಹ್ನಕ್ಕೇ ಮುಗಿದುಬಿಡುತ್ತದಲ್ಲ, ಯಾಕೆ ಅಂತ ಈಗ ಗೊತ್ತಾಗುತ್ತದೆ. ಶುಕ್ಲ ಪಕ್ಷದ ಏಕಾದಶಿ ಅಂದರೆ 120ರಿಂದ 132 ಡಿಗ್ರಿವರೆಗಿನ ಹೊತ್ತು. ಅದಕ್ಕೂ ನಮ್ಮ ಗಡಿಯಾರದ ದಿನಕ್ಕೂ ತಾಳೆ ಆಗಬೇಕೆಂದೇನಿಲ್ಲ.

ಗಡಿಯಾರದಲ್ಲಿ ಒಂದು ಲೆಕ್ಕ ಮಾಡಿ. ಮೂರೂವರೆ ಗಂಟೆಗೆ ಎರಡು ಮುಳ್ಳುಗಳ ನಡುವೆ ಎಷ್ಟು ಡಿಗ್ರಿ? ಹೆಚ್ಚಿನವರು 90 ಅನ್ನುತ್ತಾರೆ. ನಿಮಿಷದ ಮುಳ್ಳು 6ರ ಮೇಲಿದೆ, ಅಂದರೆ 12ರಿಂದ 180 ಡಿಗ್ರಿ. ಆದರೆ ಗಂಟೆಯ ಮುಳ್ಳು 3ರ ಮೇಲಿಲ್ಲ. 3ಕ್ಕೂ 4ಕ್ಕೂ ನಡುವೆ ಬಂದಿದೆ. ಒಂದು ಗಂಟೆಗೆ 30 ಡಿಗ್ರಿ, ಮೂರೂವರೆಗೆ 105. ವ್ಯತ್ಯಾಸ 75 ಡಿಗ್ರಿ.

ಇನ್ನು ಕೋನಮಾಪಕ. ಅದರಲ್ಲಿ ಎರಡು ಸಾಲು ಸಂಖ್ಯೆಗಳಿವೆ, ಒಂದು ಎಡದಿಂದ, ಒಂದು ಬಲದಿಂದ. 60 ಓದಬೇಕಾದಲ್ಲಿ 120 ಓದುವುದು ಇಲ್ಲೇ. ನಿಮ್ಮ ಕೋನದ ಒಂದು ಬಾಹು ಯಾವ ಸೊನ್ನೆಯ ಮೇಲೆ ಕೂತಿದೆಯೋ ಆ ಸಾಲಿನಲ್ಲೇ ಓದಿಕೊಂಡು ಹೋಗಿ. ಓದುವ ಮೊದಲು ಕಣ್ಣಳತೆಯಲ್ಲಿ ಒಂದು ಮಾತು ಹೇಳಿಕೊಳ್ಳಿ: ಇದು ಹಾಳೆಯ ಮೂಲೆಗಿಂತ ಕಿರಿದೋ, ಅಗಲವೋ? ಕಿರಿದಾಗಿದ್ದರೆ ಉತ್ತರ 90ಕ್ಕಿಂತ ಕಡಿಮೆ ಬರಲೇಬೇಕು. ಬಾಹುಗಳು ಗಿಡ್ಡ ಇದ್ದರೆ ಸ್ಕೇಲಿನಿಂದ ಉದ್ದ ಮಾಡಿಕೊಳ್ಳಿ. ಗೆರೆ ಎಷ್ಟು ಉದ್ದವಾದರೂ ಕೋನ ಬದಲಾಗುವುದಿಲ್ಲ.

ಹಂತ 4: ಕೋನದ ಪಾಲೇ ಉದ್ದದ ಪಾಲು, ವಿಸ್ತೀರ್ಣದ ಪಾಲು

ತಟ್ಟೆಯ ಅಂಚಿನ ಸುತ್ತ ದಾರ ಸುತ್ತಿ, ಬಿಚ್ಚಿ, ಅಳೆಯಿರಿ. ನಮಗೆ 88 ಸೆಂಟಿಮೀಟರ್ ಬಂತು. ವ್ಯಾಸ 28. ಮೂರು ಸಲ ಹೋಗಿ ಸ್ವಲ್ಪ ಉಳಿಯುತ್ತದೆ. ಚೊಂಬಿನ ಬಾಯಿಯಾದರೂ ಅಷ್ಟೇ, ಸೈಕಲ್ ಚಕ್ರವಾದರೂ ಅಷ್ಟೇ. ಆ 'ಮೂರು ಮತ್ತು ಸ್ವಲ್ಪ'ಕ್ಕೇ ಪೈ ಅಂತ ಹೆಸರು.

ಆ ಸ್ವಲ್ಪ ಎಷ್ಟು ಅಂತ ಹುಡುಕುತ್ತ ನಮ್ಮವರು ಬಹಳ ದೂರ ಹೋಗಿದ್ದಾರೆ. ಆರ್ಯಭಟ 499ರಲ್ಲಿ, ವ್ಯಾಸ 20,000 ಇದ್ದರೆ ಪರಿಧಿ ಸುಮಾರು 62,832 ಅಂತ ಹೇಳಿದ. ಭಾಗಿಸಿದರೆ 3.1416. 'ಆಸನ್ನ', ಅಂದರೆ ಹತ್ತಿರದ್ದು, ಅನ್ನುವ ಮಾತನ್ನೂ ಸೇರಿಸಿದ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ನಮ್ಮ ನೆಲದಲ್ಲೇ ಇದ್ದ ಮಹಾವೀರಾಚಾರ್ಯ, ಒರಟು ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲ ಬಳಸಿದ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯ ವ್ಯವಹಾರಕ್ಕೆ 22/7, ಸೂಕ್ಷ್ಮಕ್ಕೆ 3927/1250 ಅಂದ. ನಮ್ಮ ತಟ್ಟೆಗೆ ಹಾಕಿ ನೋಡಿದೆವು. 3 ಹಾಕಿದರೆ 84. 10ರ ವರ್ಗಮೂಲ ಹಾಕಿದರೆ 88.5. 22/7 ಹಾಕಿದರೆ ಸರಿಯಾಗಿ 88. 3.1416 ಹಾಕಿದರೆ 87.96. ಅಡುಗೆಮನೆಯ ದಾರಕ್ಕೆ 22/7 ಧಾರಾಳ ಸಾಕು. ತ್ರಿಜ್ಯ 7, 14, 21, 3.5 ಹೀಗಿದ್ದರೆ 22/7 ಹಾಕಿ, ಹೊಡೆದುಹೋಗುತ್ತದೆ. 10, 5, 20 ಇದ್ದರೆ 3.14 ಅನುಕೂಲ. ಪ್ರಶ್ನೆಯಲ್ಲೇ ಇಂಥದ್ದು ಹಾಕಿ ಅಂತ ಹೇಳಿದ್ದರೆ ಮಾತ್ರ ಅದನ್ನೇ ಹಾಕಬೇಕು.

ಈಗ ಕೇಂದ್ರದಲ್ಲಿ 45 ಡಿಗ್ರಿ ಕೋನ ಎಳೆಯಿರಿ. 360ರಲ್ಲಿ 45 ಅಂದರೆ ಎಂಟನೇ ಒಂದು ಪಾಲು. ಹಾಗಾದರೆ ಆ ಕಂಸವೂ ಪರಿಧಿಯ ಎಂಟನೇ ಒಂದು: 88 ಭಾಗಿಸು 8, ಅಂದರೆ 11 ಸೆಂಟಿಮೀಟರ್. ದಾರ ಇಟ್ಟು ನೋಡಿ, 11 ಬರುತ್ತದೆ. ಪೂರ್ತಿ ತಟ್ಟೆಯ ವಿಸ್ತೀರ್ಣ 22/7 × 14 × 14 = 616 ಚದರ ಸೆಂಟಿಮೀಟರ್. ಹೋಳಿನದು ಅದರ ಎಂಟನೇ ಒಂದು, 77. ಪುಸ್ತಕದ ಎರಡು ಸೂತ್ರಗಳ ಮುಂದೆ ನಿಂತಿರುವ 'ಕೋನ ಭಾಗಿಸು 360' ಎನ್ನುವುದು ಈ ಪಾಲು, ಅಷ್ಟೇ. "ಹಂಗಾದ್ರೆ ಇದು ಎರಡು ಸೂತ್ರ ಅಲ್ವೇ ಅಲ್ಲ!" ಅಂದಳು. ಅವಳ ಮುಖ ಅರಳಿದ್ದು ಅಲ್ಲೇ.

ಇಲ್ಲಿ ಮಕ್ಕಳು ಜಾಸ್ತಿ ಅಂಕ ಕಳೆದುಕೊಳ್ಳುವುದು ತ್ರಿಜ್ಯಾಂತರ ಖಂಡದ ಸುತ್ತಳತೆಯಲ್ಲಿ. 11 ಅಂತ ಬರೆದು ಮುಗಿಸುತ್ತಾರೆ. ಹೋಳಿನ ಸುತ್ತ ಇರುವೆ ಹರಿದು ಬಂದರೆ ಕಂಸದ ಜೊತೆ ಎರಡು ತ್ರಿಜ್ಯಗಳ ಮೇಲೂ ನಡೆಯಬೇಕಲ್ಲ? 11 + 14 + 14 = 39.

ವೃತ್ತಖಂಡಕ್ಕೆ ಬೇರೆ ಸೂತ್ರ ಹುಡುಕಬೇಡಿ. ಹೋಳಿನಿಂದ ತ್ರಿಕೋನ ಕಳೆದರೆ ಆಯಿತು. ಕೋನ 90 ಇದ್ದಾಗ ಹೋಳು 616ರ ಕಾಲು ಭಾಗ, 154. ಒಳಗಿನ ತ್ರಿಕೋನ 14 × 14ರ ಅರ್ಧ, 98. ಉಳಿದದ್ದು 56.

ಇನ್ನೊಂದು ಆಟ. ಕೈವಾರವನ್ನು ತ್ರಿಜ್ಯದಷ್ಟೇ ಅಗಲಿಸಿ. ಪರಿಧಿಯ ಮೇಲೆ ಒಂದು ಕಡೆಯಿಂದ ಗುರುತು ಹಾಕುತ್ತ ಹೋಗಿ. ಸರಿಯಾಗಿ ಆರು ಗುರುತಿಗೆ ಹೊರಟ ಜಾಗಕ್ಕೇ ಬರುತ್ತೀರಿ. ಆರು ಎಸಳಿನ ರಂಗೋಲಿ ಹೀಗೇ ಬರುವುದು. ಜ್ಯಾ ಕೂಡ 14, ಎರಡು ತ್ರಿಜ್ಯವೂ 14, ಮೂರೂ ಬಾಹು ಸಮ ಆದ್ದರಿಂದ ಕೋನ 60. ಕೋನಮಾಪಕ ಇಲ್ಲದೆ 60 ಡಿಗ್ರಿ ಸಿಕ್ಕಿತು. ಈಗ 14 ಸೆಂಟಿಮೀಟರ್ ದಾರ ಕತ್ತರಿಸಿ, ನೇರವಾಗಿ ಇಡದೆ ಪರಿಧಿಯ ಮೇಲೆ ಬಾಗಿಸಿ ಇಡಿ. ತುದಿಗಳನ್ನು ಕೇಂದ್ರಕ್ಕೆ ಸೇರಿಸಿ ಅಳೆಯಿರಿ. 60 ಬರುವುದಿಲ್ಲ, 57ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಈ ಕೋನಕ್ಕೆ ರೇಡಿಯನ್ ಅಂತ ಹೆಸರು. ಪಿಯುಸಿಗೆ ಹೋದಾಗ ಅದು ಎಲ್ಲಿಂದಲೋ ಉದುರಿದ ಹಾಗೆ ಅನಿಸುತ್ತದೆ. ಈ ದಾರ ನೆನಪಿದ್ದರೆ ಹಾಗಾಗುವುದಿಲ್ಲ.

ಹಂತ 5: ಕೋನದ ತುದಿ ಪರಿಧಿಗೆ ಸರಿದಾಗ

ಇಡೀ ಪಾಠದ ಜೀವ ಇಲ್ಲಿದೆ. ನಿಧಾನವಾಗಿ ಮಾಡಿ.

ಕೇಂದ್ರಕ್ಕೆ ಓ ಅಂತ ಹೆಸರಿಡಿ. ಕೇಂದ್ರದಲ್ಲಿ 80 ಡಿಗ್ರಿ ಕೋನ ಎಳೆದು, ಬಾಹುಗಳು ವೃತ್ತ ಮುಟ್ಟುವ ಕಡೆ ಅ, ಬ ಅಂತ ಬರೆಯಿರಿ. ವೃತ್ತದ ಆಚೆ ಬದಿಯಲ್ಲಿ, ದೊಡ್ಡ ಕಂಸದ ಮೇಲೆ ಎಲ್ಲಾದರೂ ಕ ಇಡಿ. ಕ ದಿಂದ ಅ ಗೆ, ಕ ದಿಂದ ಬ ಗೆ ಗೆರೆ ಎಳೆದು, ಕ ದಲ್ಲಿ ಆದ ಕೋನ ಅಳೆಯಿರಿ. 40. ಕ ವನ್ನು ಎರಡು ಇಂಚು ಆಚೆ ಇಟ್ಟು ಇನ್ನೊಂದು ಸಲ ಅಳೆಯಿರಿ. ಮತ್ತೆ 40. ಅವಳು ನಂಬಲಿಲ್ಲ. ಬ ಗೆ ತೀರಾ ಹತ್ತಿರ ಇಟ್ಟು, ಗೆರೆಗಳು ಓರೆಯಾಗಿ ವಿಚಿತ್ರವಾಗಿ ಕಾಣುವ ಹಾಗೆ ಎಳೆದು ಅಳೆದಳು. 40. ಪೆನ್ಸಿಲ್ ಕೆಳಗಿಟ್ಟು "ಯಾಕೆ ಮಾಮ?" ಅಂದಳು. ನೂರು ಸಲ ಬಾಯಿಪಾಠ ಮಾಡಿದ ಪ್ರಮೇಯದ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಇದು.

ಕಾರಣ ಹೀಗಿದೆ. ಕ ದಿಂದ ಓ ಮೂಲಕ ಆಚೆಗೆ ಒಂದು ಗೆರೆ ಎಳೆಯಿರಿ. ಈಗ ಓ, ಕ, ಅ ಸೇರಿ ಒಂದು ತ್ರಿಕೋನ. ಅದರಲ್ಲಿ ಓಕ, ಓಅ ಎರಡೂ ತ್ರಿಜ್ಯ, ಹಾಗಾಗಿ ಸಮ. ಬಾಹು ಸಮ ಇದ್ದರೆ ಎದುರಿನ ಕೋನಗಳೂ ಸಮ. ಅಂದರೆ ಕ ದಲ್ಲಿ ಎಷ್ಟಿದೆಯೋ ಅ ದಲ್ಲೂ ಅಷ್ಟೇ. ತ್ರಿಕೋನದ ಹೊರಕೋನ ಒಳಗಿನ ಎರಡು ದೂರದ ಕೋನಗಳ ಮೊತ್ತ. ಹಾಗಾಗಿ ಓ ದಲ್ಲಿ ಈ ಬದಿಯ ಕೋನ ಕ ದಲ್ಲಿರುವುದರ ಎರಡರಷ್ಟು. ಗೆರೆಯ ಇನ್ನೊಂದು ಬದಿಯಲ್ಲಿ ಬ ಜೊತೆಗೂ ಇದೇ ಮಾತು. ಎರಡು ಬದಿ ಕೂಡಿಸಿದರೆ ಓ ದಲ್ಲಿನ ಪೂರ್ತಿ ಕೋನ ಕ ದಲ್ಲಿನ ಪೂರ್ತಿ ಕೋನದ ಎರಡರಷ್ಟು. ಕ ತುಂಬಾ ಓರೆಯಲ್ಲಿದ್ದು ಗೆರೆ ಅ, ಬ ಗಳ ಹೊರಗೆ ಬಿದ್ದರೆ ಕೂಡಿಸುವ ಬದಲು ಕಳೆಯಬೇಕು. ಉತ್ತರ ಅದೇ.

ಇನ್ನು ಮುಂದೆ ಕಂಸವನ್ನೂ ಡಿಗ್ರಿಯಲ್ಲೇ ಹೇಳೋಣ: ಅದರ ಎರಡು ತುದಿ ಕೇಂದ್ರದಲ್ಲಿ ಎಷ್ಟು ಡಿಗ್ರಿ ಕೋನ ಮಾಡುತ್ತವೋ ಕಂಸ ಅಷ್ಟು ಡಿಗ್ರಿ. ಕೇಂದ್ರದಲ್ಲಿದ್ದಾಗ ಕೋನ ತನ್ನ ಎದುರಿನ ಕಂಸದಷ್ಟು. ಪರಿಧಿಯ ಮೇಲಿದ್ದಾಗ ಅದರ ಅರ್ಧ.

ಈಗ ಹಾಳೆಯ ಮೂಲೆ ನೆನಪಿಸಿಕೊಳ್ಳಿ. ಮೂಲೆ ಪರಿಧಿಯ ಮೇಲಿತ್ತು, ಕೋನ 90. ಹಾಗಾದರೆ ಅದರ ಎದುರಿನ ಕಂಸ 180, ಅಂದರೆ ಅರ್ಧ ವೃತ್ತ. ಅರ್ಧ ವೃತ್ತದ ಎರಡು ತುದಿ ಸೇರಿಸುವ ಗೆರೆ ವ್ಯಾಸವಲ್ಲದೆ ಇನ್ನೇನು? 'ಅರ್ಧವೃತ್ತದಲ್ಲಿನ ಕೋನ ಲಂಬಕೋನ' ಅನ್ನುವ ಸಾಲು ಮೊದಲನೇ ಹಂತದಲ್ಲೇ ನಿಮ್ಮ ಕೈಯಲ್ಲಿತ್ತು.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಅದೇ ಅ, ಬ ಇರಲಿ. ಈ ಸಲ ಚಿಕ್ಕ ಕಂಸದ ಮೇಲೆ, ಅ ಮತ್ತು ಬ ನಡುವೆ, ಡ ಅಂತ ಒಂದು ಬಿಂದು ಇಡಿ. ಅಲ್ಲಿ ಕೋನ ಅಳೆದರೆ 40 ಅಲ್ಲ, 140! ಪ್ರಮೇಯ ತಪ್ಪಾಯಿತೇ? ಇಲ್ಲ. ಡ ದಲ್ಲಿ ನಿಂತು ಅ, ಬ ಕಡೆ ನೋಡಿದರೆ ಎದುರಿಗೆ ಕಾಣುವುದು ದೊಡ್ಡ ಕಂಸ. ಅದು 360 ಕಳೆ 80, ಅಂದರೆ 280. ಅದರ ಅರ್ಧ 140. ಚಕ್ರೀಯ ಚತುರ್ಭುಜದಲ್ಲಿ (ನಾಲ್ಕು ಮೂಲೆಯೂ ಒಂದೇ ವೃತ್ತದ ಮೇಲಿರುವ ಚತುರ್ಭುಜ) ಎದುರು ಕೋನಗಳ ಮೊತ್ತ 180 ಆಗುವುದೂ ಇದರಿಂದಲೇ. ಒಂದು ಕೋನ ಚಿಕ್ಕ ಕಂಸ ನೋಡುತ್ತದೆ, ಎದುರಿನದು ಉಳಿದ ದೊಡ್ಡ ಕಂಸ ನೋಡುತ್ತದೆ. ಎರಡೂ ಸೇರಿ 360, ಅದರ ಅರ್ಧ 180. ಪ್ರತ್ಯೇಕವಾಗಿ ಬಾಯಿಪಾಠ ಮಾಡುವುದು ಏನೂ ಉಳಿಯಲಿಲ್ಲ.

ವಿಜಯಪುರದ ಗೋಲಗುಮ್ಮಟಕ್ಕೆ ಹೋದರೆ ಪಿಸುಗುಟ್ಟುವ ಗ್ಯಾಲರಿಗೆ ಓಡುವ ಮೊದಲು ಕೆಳಗೆ ನಡುವೆ ನಿಂತು ಮೇಲೆ ನೋಡಿ. ಚೌಕದ ಕೋಣೆಯ ಮೇಲೆ ದುಂಡನೆ ಗುಮ್ಮಟ ಕೂರಬೇಕಿತ್ತು. ಅದಕ್ಕೆ ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿಟ್ಟ ಹಾಗೆ ಕಮಾನುಗಳನ್ನು ಒಂದನ್ನೊಂದು ದಾಟಿಸಿ ಎಬ್ಬಿಸಿದ್ದಾರೆ. ನಿಮ್ಮ ತಟ್ಟೆಯ ವೃತ್ತದಲ್ಲೇ ಈ ನಕ್ಷೆ ಬಿಡಿಸಬಹುದು. ಕೇಂದ್ರದಿಂದ 45 ಡಿಗ್ರಿಗೊಂದರಂತೆ ಎಂಟು ಗುರುತು ಹಾಕಿ. ಒಂದು ಬಿಟ್ಟು ಒಂದನ್ನು ಸೇರಿಸಿ. ಎರಡು ಚೌಕ ಬರುತ್ತವೆ, ಎಂಟು ಮೂಲೆಯ ನಕ್ಷತ್ರವಾಗುತ್ತದೆ. ಪ್ರತಿ ಮೂಲೆಯೂ ಅರ್ಧ ವೃತ್ತ ನೋಡುತ್ತಿದೆ, ಅದಕ್ಕೇ ಪ್ರತಿ ಮೂಲೆಯೂ 90.

ಹಂತ 6: ತುದಿ ಒಳಗೋ ಹೊರಗೋ ಇದ್ದರೆ

ಇದನ್ನು ಬೇಗ ಮುಗಿಸೋಣ. ಎರಡು ಜ್ಯಾಗಳು ವೃತ್ತದ ಒಳಗೆ ಒಂದನ್ನೊಂದು ದಾಟಿದರೆ ಆ ಕೋನದ ಮುಂದೊಂದು ಕಂಸ, ಬೆನ್ನ ಹಿಂದೊಂದು ಕಂಸ ಇರುತ್ತದೆ. ಎರಡನ್ನೂ ಕೂಡಿ ಅರ್ಧ ಮಾಡಿ. 70 ಮತ್ತು 50 ಇದ್ದರೆ ಕೋನ 60. ತುದಿ ವೃತ್ತದ ಹೊರಗಿದ್ದರೆ ದೂರದ ಕಂಸದಿಂದ ಹತ್ತಿರದ ಕಂಸ ಕಳೆದು ಅರ್ಧ ಮಾಡಿ. 100 ಮತ್ತು 30 ಇದ್ದರೆ 35. ತುದಿ ಹೊರಕ್ಕೆ ಹೋದಷ್ಟೂ ಕೋನ ಕಿರಿದಾಗುತ್ತದೆ. ದೂರ ಹೋದಷ್ಟೂ ತಟ್ಟೆ ಚಿಕ್ಕದಾಗಿ ಕಾಣುತ್ತದಲ್ಲ, ಹಾಗೆ.

ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕಾಣುವುದು ಸ್ಪರ್ಶಕದ ಲೆಕ್ಕ. ಹೊರಗಿನ ಒಂದು ಬಿಂದುವಿನಿಂದ ಎರಡು ಸ್ಪರ್ಶಕ ಎಳೆದಿದ್ದಾರೆ, ಅವುಗಳ ನಡುವಿನ ಕೋನ 80, ಕೇಂದ್ರದಲ್ಲಿ ಎಷ್ಟು? ಸ್ಪರ್ಶ ಬಿಂದುವಿನಲ್ಲಿ ಸ್ಪರ್ಶಕವೂ ತ್ರಿಜ್ಯವೂ ಯಾವಾಗಲೂ ಲಂಬ. ನಾಲ್ಕು ಮೂಲೆಯ ಆಕೃತಿ, ಎರಡು ಮೂಲೆ 90, 90. ಉಳಿದೆರಡು ಸೇರಿ 180. ಉತ್ತರ 100. ಕಂಸದ ದಾರಿಯಲ್ಲೂ ನೋಡಿ: ಚಿಕ್ಕ ಕಂಸ 100, ದೊಡ್ಡದು 260, ವ್ಯತ್ಯಾಸದ ಅರ್ಧ 80. ಎರಡು ದಾರಿಯಲ್ಲೂ ತಾಳೆ ಆದರೆ ಉತ್ತರದ ಮೇಲೆ ಧೈರ್ಯ ಬರುತ್ತದೆ.

ಹಂತ 7: ಅವಳು ಸಿಕ್ಕಿಕೊಂಡಿದ್ದ ಲೆಕ್ಕ

ಓ ಕೇಂದ್ರ. ಅ, ಬ, ಕ ಪರಿಧಿಯ ಮೇಲಿವೆ, ಕ ದೊಡ್ಡ ಕಂಸದಲ್ಲಿದೆ. ಓಅಬ ಕೋನ 35 ಡಿಗ್ರಿ. ಅಕಬ ಕೋನ ಎಷ್ಟು? ಅವಳು 'ಕೇಂದ್ರದ್ದು ಎರಡರಷ್ಟು' ಅಂತ ನೆನಪಿಸಿಕೊಂಡು 35ಕ್ಕೆ 70 ಮಾಡಿ, ಅದನ್ನೇ ಉತ್ತರ ಅಂತ ಬರೆದಿದ್ದಳು.

"35ರ ತುದಿ ಎಲ್ಲಿದೆ?" ಅಂತ ಕೇಳಿದೆ. "ಅ ದಲ್ಲಿ." "ಅದರ ಒಂದು ಬಾಹು ಎಲ್ಲಿಗೆ ಹೋಗ್ತಿದೆ?" "ಕೇಂದ್ರಕ್ಕೆ." ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದಳು. "ಓ, ಇದು ಅಬ ಕಂಸ ನೋಡ್ತಾನೇ ಇಲ್ಲ!" ಅಂದಳು. ಆಮೇಲೆ ನಾನು ಬಾಯಿ ತೆರೆಯಲಿಲ್ಲ. ಓಅ, ಓಬ ತ್ರಿಜ್ಯಗಳು, ಹಾಗಾಗಿ ಬ ದಲ್ಲೂ 35. ಕೇಂದ್ರದಲ್ಲಿ 180 ಕಳೆ 70, ಅಂದರೆ 110. ಅಕಬ ನೋಡುವುದೂ ಅದೇ ಕಂಸವನ್ನು, ಪರಿಧಿಯಿಂದ. ಹಾಗಾಗಿ 55. ಅವಳೇ ಮುಂದುವರಿದು, ಚಿಕ್ಕ ಕಂಸದ ಮೇಲೆ ಡ ಇದ್ದರೆ ಅಲ್ಲಿ 125 ಅಂತಲೂ ಬರೆದಳು.

ಯಾವ ಲೆಕ್ಕ ಬಂದರೂ ಪೆನ್ಸಿಲ್ ತೆಗೆದುಕೊಂಡು ಕೋನದ ಎದುರಿನ ಕಂಸದ ಮೇಲೆ ದಪ್ಪಗೆ ಗೀಚಿ. ಆಮೇಲೆ ತುದಿ ಎಲ್ಲಿದೆ ನೋಡಿ. ಒಂದೇ ವೃತ್ತದಲ್ಲಿ ಎರಡು ತ್ರಿಜ್ಯ ಕಂಡರೆ ಸಮದ್ವಿಬಾಹು ತ್ರಿಕೋನ ಅಲ್ಲೇ ಅಡಗಿರುತ್ತದೆ, ಅದನ್ನು ಬಿಡಬೇಡಿ.

ಹಂತ 8: ಒಡೆದ ಬಳೆಯ ಅಳತೆ

ಬಿಲ್ಲು, ಹೆದೆ, ಬಾಣ ನೆನಪಿದೆಯಲ್ಲ? ವೃತ್ತ ಪೂರ್ತಿ ಇಲ್ಲ, ಒಂದು ಚೂರು ಮಾತ್ರ ಇದೆ. ಅದರ ವ್ಯಾಸ ಬೇಕು. ಭಾಸ್ಕರಾಚಾರ್ಯ ಕೊಟ್ಟ ದಾರಿ ಇದು: ಹೆದೆಯ ಅರ್ಧವನ್ನು ವರ್ಗ ಮಾಡಿ, ಬಾಣದಿಂದ ಭಾಗಿಸಿ, ಬಂದದ್ದಕ್ಕೆ ಬಾಣವನ್ನೇ ಕೂಡಿಸಿ. ವ್ಯಾಸ ಸಿಗುತ್ತದೆ. ಹೆದೆ 6, ಬಾಣ 1 ಇದ್ದರೆ 3 × 3 = 9, ಭಾಗಿಸು 1, ಕೂಡಿಸು 1. ವ್ಯಾಸ 10.

ಅಕ್ಕನ ಮನೆಯಲ್ಲಿ ಗಾಜಿನ ಬಳೆಯೊಂದು ಒಡೆದು ಚೂರು ಉಳಿದಿತ್ತು. ಅದೇ ಅಳತೆಯದು ಬೇಕಿತ್ತು. ಚೂರಿನ ಎರಡು ತುದಿಗೂ ಟೇಪ್ ಸುತ್ತಿದೆವು, ಗಾಜು ಕೈ ಕುಯ್ಯುತ್ತದೆ. ಹಾಳೆಯ ಮೇಲಿಟ್ಟು ಒಳಗಿನ ಅಂಚಿಗೆ ತಾಗಿಸಿ ಪೆನ್ಸಿಲ್ ಎಳೆದೆವು. ಬಳೆಯ ಅಳತೆ ಅಂದರೆ ಒಳವ್ಯಾಸ, ಹಾಗಾಗಿ ಹೊರ ಅಂಚು ಬೇಡ. ಹೆದೆ 4.8 ಸೆಂಟಿಮೀಟರ್, ಬಾಣ 1.2 ಬಂತು. 2.4 × 2.4 = 5.76. ಅದನ್ನು 1.2ರಿಂದ ಭಾಗಿಸಿದರೆ 4.8. ಕೂಡಿಸು 1.2. ವ್ಯಾಸ 6 ಸೆಂಟಿಮೀಟರ್. ಬಾಣದಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಉತ್ತರ ಬದಲಾಗುತ್ತದೆ, ಆದ್ದರಿಂದ ಅದನ್ನು ಎರಡು ಮೂರು ಸಲ ಅಳೆಯಿರಿ. ಸಿಕ್ಕಿದ್ದರಲ್ಲಿ ದೊಡ್ಡ ಚೂರನ್ನೇ ಆರಿಸಿ.

ಬಳೆ ಅಂಗಡಿಯಲ್ಲಿ 2-4, 2-6, 2-8 ಅನ್ನುತ್ತಾರೆ. ಇದು ದಶಮಾಂಶ ಅಲ್ಲ. 2-6 ಅಂದರೆ 2 ಇಂಚು ಮತ್ತು ಇಂಚಿನ ಹದಿನಾರನೇ ಆರು ಭಾಗ, ಒಟ್ಟು 2.375 ಇಂಚು. ಸೆಂಟಿಮೀಟರಿನಲ್ಲಿ 6.03. 2-4 ಅಂದರೆ 5.7, 2-8 ಅಂದರೆ 6.35. ನಮ್ಮ 6ಕ್ಕೆ ಹತ್ತಿರದ್ದು 2-6. ಅವಳು ಅದನ್ನು ಚೀಟಿಯಲ್ಲಿ ಬರೆದುಕೊಂಡು, ಚೂರನ್ನು ಮನೆಯಲ್ಲೇ ಬಿಟ್ಟು, ಅಮ್ಮನ ಜೊತೆ ಪೇಟೆಗೆ ಹೋದಳು. ಸಂಜೆ ಫೋನ್ ಮಾಡಿ "ಸರಿಯಾಗಿ ಕೂತಿದೆ ಮಾಮ" ಅಂದಳು.